ಗೇರುಹಣ್ಣಿಗೂ ಒಂದು ಚರಿತ್ರೆ

ಜಪಾನಿನ ಊಜಿಯಲ್ಲಿ ಪ್ರವಾಸಿಗಳನ್ನು ಕಾಲ್ನಡಿಗೆಯಲ್ಲಿ ಕರೆದೊಯ್ದು ಹಸಿರು ಚಹದ ಪರಂಪರೆಯನ್ನು ತೋರಿಸುತ್ತಾರೆ. ಗೋವೆಯವರು ಗೇರುಹಣ್ಣಿನ ಫೆನಿಗೆ ಅದನ್ನೇ ಮಾಡಿದ್ದಾರೆ. ಹಣ್ಣು ತುಳಿಯುವ ಕಲ್ಲುಗುಂಡಿ, ಭಟ್ಟಿ, ಮೊದಲು ಇಳಿಯುವ ಉರಾಕ್ ಎಲ್ಲಕ್ಕೂ ಅಲ್ಲಿ ವಿವರಣೆಯುಂಟು. 2009ರಲ್ಲಿ ಫೆನಿಗೆ ಭೌಗೋಳಿಕ ಸೂಚಕ, 2016ರಲ್ಲಿ ಪರಂಪರೆಯ ಪೇಯವೆಂಬ ಸರಕಾರಿ ಮನ್ನಣೆ.

ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಅದೇ ಮರ ನಮ್ಮ ಗುಡ್ಡಗಳಲ್ಲೂ ಇದೆ. ನಾವು ಬೀಜ ಹೆಕ್ಕಿ ಹಣ್ಣು ಬಿಸಾಡುತ್ತೇವೆ. ಹೊರಗಿನವರಿಗೆ ಕಾಸರಗೋಡಿನ ಗೇರುತೋಟವೆಂದರೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಮಾತ್ರ. ಅದನ್ನು ಮರೆಯಬೇಕೆಂದಲ್ಲ; ಪಡ್ರೆಯ ಮನೆಗಳು ಮರೆಯಲಾರವು.

ನಾವು ಶರಾಬು ಕೇಳುತ್ತಿಲ್ಲ. ಎಣ್ಮಕಜೆಯಲ್ಲೂ ಇಂತಹ ನಡಿಗೆಯೊಂದು ಏರ್ಪಡಲಿ. ಗೇರಿನ ಕತೆ, ಸುರಂಗದ ನೀರು, ಸುರಿದ ವಿಷ ಎಲ್ಲವನ್ನೂ ಕನ್ನಡದಲ್ಲೇ ಹೇಳಬಲ್ಲ ಹುಡುಗರು ನಮ್ಮಲ್ಲಿದ್ದಾರೆ. ಪಂಚಾಯತು ಅವರನ್ನು ಕರೆಯಲಿ.