ಕೊರಿಯದ ಪಂಕ್ತಿಯಲ್ಲಿ ಶಿಕ್ಷಕ-ವಿದ್ಯಾರ್ಥಿ

ಶಿಕ್ಷಕನಾಗಲಿರುವ ವಿದ್ಯಾರ್ಥಿ ಕೆಲವು ವಾರ ಒಂದು ಶಾಲೆಯಲ್ಲಿ ಪಾಠ ಹೇಳಿ, ಹಿರಿಯ ಅಧ್ಯಾಪಕರ ಸಲಹೆ ಟೀಕೆಗಳನ್ನು ಪಡೆದು, ಬಳಿಕ ಪದವಿಗೆ ಅರ್ಹನೆನಿಸುವ ಪದ್ಧತಿ ಕನ್ನಡ ನಾಡಿನಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಈ ಬೋಧನಾಭ್ಯಾಸದ ಒಂದು ಭಾಗವನ್ನು ಪರದೇಶದ ಶಾಲೆಯಲ್ಲಿ ಪೂರೈಸುವ ಕ್ರಮವನ್ನು ಅಮೆರಿಕವೇ ಮೊದಲಾದ ದೇಶಗಳ ಹಲವು ವಿಶ್ವವಿದ್ಯಾಲಯಗಳು ಅನುಸರಿಸುತ್ತಿವೆ. ಹೀಗೆ ತರುಣರನ್ನು ಬರಮಾಡಿಕೊಳ್ಳುವ ದೇಶಗಳಲ್ಲಿ ದಕ್ಷಿಣ ಕೊರಿಯವೂ ಒಂದು. ಅಂಥ ದೇಶಕ್ಕೆ ಹೋಗಿ ಬಂದವರನ್ನು ಬಂಧುಬಾಂಧವರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು: ಎಷ್ಟು ಹಣ ಕೊಟ್ಟರು? ಊಟಕ್ಕೆ ಏನು ಮಾಡಿದಿರಿ? ಎರಡನೆಯ ಪ್ರಶ್ನೆ ಮೇಲುನೋಟಕ್ಕೆ ಹಗುರವಾಗಿ ತೋರುತ್ತದೆ. ಆದರೆ ಶಿಕ್ಷಣದ ದೃಷ್ಟಿಯಿಂದ ನೋಡಿದಾಗ ಅದಕ್ಕಿಂತ ಗುರುತರವಾದ ಪ್ರಶ್ನೆ ಬೇರೊಂದಿಲ್ಲ. ಪರನಾಡಿನ ಮಕ್ಕಳಿಗೆ ಕಲಿಸಹೋದವನು ಅವರ ಪಂಕ್ತಿಯಲ್ಲಿ ಕುಳಿತನೋ ಇಲ್ಲವೋ ಎಂಬುದರ ಮೇಲೆ ಅವನು ಕಲಿತು ಬಂದನೋ ಇಲ್ಲವೋ ಎಂಬುದು ನಿರ್ಧಾರವಾಗುತ್ತದೆ.

ಕೊರಿಯದ ಸರಕಾರ 1995ರಿಂದ ಇಂಗ್ಲಿಷ್ ಬೋಧನೆಗಾಗಿ ವಿದೇಶೀಯರನ್ನು ತನ್ನ ಸಾರ್ವಜನಿಕ ಶಾಲೆಗಳಿಗೆ ಕರೆಸಿಕೊಳ್ಳುತ್ತಿದೆ. 2008ರಲ್ಲಿ ಆರಂಭವಾಗಿ 2021ರಲ್ಲಿ ಮುಕ್ತಾಯಗೊಂಡ ಮತ್ತೊಂದು ಯೋಜನೆಯಲ್ಲಿ, ಪದವಿಯನ್ನು ಇನ್ನೂ ಮುಗಿಸದ ಕಾಲೇಜು ವಿದ್ಯಾರ್ಥಿಗಳೇ ಗ್ರಾಮಾಂತರ ಪ್ರಾಥಮಿಕ ಶಾಲೆಗಳಿಗೆ ಹೋಗಿ ವಾರಕ್ಕೆ ಸುಮಾರು 15 ಗಂಟೆ ಪಾಠ ಹೇಳುತ್ತಿದ್ದರು. ಈ ಅವಕಾಶಗಳು ಮೊದಲು ಇಂಗ್ಲಿಷ್ ಮಾತೃಭಾಷೆಯಾಗಿರುವ ಕೆಲವೇ ದೇಶಗಳಿಗೆ ಮೀಸಲಾಗಿದ್ದವು. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ-ಕೊರಿಯ ಆರ್ಥಿಕ ಒಪ್ಪಂದ, ಶಿಕ್ಷಕ ಅರ್ಹತೆಯುಳ್ಳ ಭಾರತೀಯರಿಗೂ ಸಹಾಯಕ ಶಿಕ್ಷಕರಾಗುವ ಬಾಗಿಲನ್ನು ತೆರೆಯಿತು. ಆದುದರಿಂದ ಮಠಮಾನ್ಯಗಳ ಆಶ್ರಯದಲ್ಲಿ ಓದಿ ಶಿಕ್ಷಕರಾಗಹೊರಟ ತರುಣ ತರುಣಿಯರ ಮಟ್ಟಿಗೆ ಇದು ದೂರದ ಮಾತಾಗಿ ಉಳಿದಿಲ್ಲ.

ಕೊರಿಯದ ನೆಲಕ್ಕೂ ಕನ್ನಡ ನಾಡಿಗೂ ಹಳೆಯದೊಂದು ನಂಟು ಉಂಟು. 1950ರಿಂದ 1953ರವರೆಗೆ ನಡೆದ ಯುದ್ಧ ನಿಂತ ಮೇಲೆ, ಸೆರೆಯಾಳುಗಳನ್ನು ಹಿಂದಿರುಗಿಸುವ ಕಠಿಣ ಕಾರ್ಯಕ್ಕೆ ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಕೊಡಗಿನ ಜನರಲ್ ತಿಮ್ಮಯ್ಯನವರು. ಅಂದಿನ ಕೊರಿಯ ಹಸಿದ ನಾಡಾಗಿತ್ತು. ಪರದೇಶಗಳು ಕಳಿಸಿದ ಹಾಲಿನ ಪುಡಿ ಮತ್ತು ಹಿಟ್ಟು ಅಲ್ಲಿಯ ಶಾಲಾ ಮಕ್ಕಳ ಆಹಾರವಾಗಿತ್ತು. ಇಂದು ಅಲ್ಲಿಯ ಶಾಲೆಗಳ ಮಧ್ಯಾಹ್ನದ ಊಟವನ್ನು ನೋಡಿ ಕಲಿಯಲು ಹೊರನಾಡಿನವರು ಹೋಗುತ್ತಾರೆ. ನಡುವಣ ಎಪ್ಪತ್ತು ವರ್ಷಗಳ ಕಥೆಯನ್ನು ಓದಲು ಗ್ರಂಥಾಲಯಕ್ಕಿಂತ ಶಾಲೆಯ ಭೋಜನಶಾಲೆ ಉತ್ತಮವಾದ ಸ್ಥಳ.

ಈ ಊಟಕ್ಕೆ ಅವರ ಭಾಷೆಯಲ್ಲಿ ‘ಗುಪ್ಸಿಕ್’ ಎಂದು ಹೆಸರು. 1981ರಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಕಾನೂನು ರಚಿತವಾಯಿತು. ಅನ್ನ, ಸಾರು, ಎರಡು ಮೂರು ಪಲ್ಯಗಳು, ಕಿಮ್ಚಿ: ಇಷ್ಟನ್ನು ಗುಳಿಗಳಿರುವ ಉಕ್ಕಿನ ತಟ್ಟೆಯಲ್ಲಿ ಬಡಿಸುತ್ತಾರೆ. ಶಿಕ್ಷಕರೂ ಮಕ್ಕಳೂ ಉಣ್ಣುವುದು ಒಂದೇ ಅಡಿಗೆಯನ್ನು. ಪೋಷಣವಿಷಯದಲ್ಲಿ ತರಬೇತಿ ಪಡೆದವರಿಗೆ ಶಿಕ್ಷಕರ ಸ್ಥಾನವನ್ನೇ ಕೊಡಲಾಗಿದೆ. ಅಡಿಗೆಯ ಮೇಲ್ವಿಚಾರಣೆಯೊಂದಿಗೆ ಆಹಾರದ ಪಾಠ ಹೇಳುವುದೂ ಅವರ ಹೊಣೆ. ಅಂದರೆ ಊಟವು ಪಾಠಗಳ ನಡುವಣ ಬಿಡುವಲ್ಲ, ಅದೂ ಒಂದು ಪಾಠವೇ ಎಂದು ಆ ದೇಶ ಒಪ್ಪಿಕೊಂಡಂತಾಯಿತು.

ಈ ಊಟ ಬಡವರ ಮಕ್ಕಳಿಗೆ ಮಾತ್ರ ಉಚಿತವಾಗಿರಬೇಕೋ ಎಲ್ಲ ಮಕ್ಕಳಿಗೂ ಉಚಿತವಾಗಿರಬೇಕೋ ಎಂಬ ಪ್ರಶ್ನೆ 2011ರಲ್ಲಿ ರಾಜಧಾನಿ ಸಿಯೋಲ್ ನಗರವನ್ನೇ ಅಲುಗಾಡಿಸಿತು. ಎಲ್ಲರಿಗೂ ಬೇಡವೆಂದ ಮಹಾಪೌರರು ಆಗಸ್ಟ್ 24ರಂದು ಜನಮತಗಣನೆ ನಡೆಸಿದರು. ಮತದಾನ ನೂರಕ್ಕೆ 33.3ರಷ್ಟಾದರೂ ಆಗಬೇಕೆಂಬ ನಿಯಮವಿತ್ತು, ಆದುದು 25.7ರಷ್ಟು ಮಾತ್ರ. ಮತಪೆಟ್ಟಿಗೆಗಳನ್ನು ತೆರೆಯಲೇ ಇಲ್ಲ. ಮಹಾಪೌರರು ಅಧಿಕಾರ ತ್ಯಜಿಸಿದರು. ಎಲ್ಲರಿಗೂ ಬೇಕೆಂದವರ ವಾದ ಸರಳವಾಗಿತ್ತು: ಉಚಿತ ಊಟ ಕೆಲವರಿಗೆ ಮಾತ್ರವಾದರೆ, ಬಡ ಮಗು ತನ್ನ ಬಡತನವನ್ನು ಪ್ರತಿದಿನ ತಟ್ಟೆಯ ಮುಂದೆ ಸಾಬೀತು ಮಾಡಬೇಕಾಗುತ್ತದೆ. ಪ್ರಸಾದನಿಲಯಗಳಲ್ಲಿ ಉಂಡು ಬೆಳೆದವರಿಗೆ ಈ ವಾದವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ದಾಸೋಹದ ಪಂಕ್ತಿಯಲ್ಲಿ ಯಾರು ಯಾರ ಮಗನೆಂದು ಕೇಳುವ ಪದ್ಧತಿ ಇಲ್ಲ. ತುಮಕೂರಿನ ಸಿದ್ಧಗಂಗೆಯಂಥ ಕ್ಷೇತ್ರಗಳಲ್ಲಿ ಸಾವಿರಾರು ಮಕ್ಕಳು ಒಟ್ಟಿಗೆ ಕುಳಿತು ಉಣ್ಣುವುದರ ಹಿಂದಿನ ತತ್ತ್ವವೂ ಇದೇ. ಕರ್ನಾಟಕ ಸರಕಾರ 2002ರಲ್ಲಿ ಶಾಲಾ ಮಕ್ಕಳ ಬಿಸಿಯೂಟವನ್ನು ಆರಂಭಿಸಿದಾಗ ಅದಕ್ಕೆ ‘ಅಕ್ಷರ ದಾಸೋಹ’ವೆಂಬ ಹೆಸರನ್ನು ಆರಿಸಿದ್ದು ಅರ್ಥಪೂರ್ಣವಾಗಿತ್ತು. ಕೊರಿಯಕ್ಕೆ ಹೋದ ಕನ್ನಡದ ಶಿಕ್ಷಕ-ವಿದ್ಯಾರ್ಥಿ ಅಲ್ಲಿಯ ಭೋಜನಶಾಲೆಯಲ್ಲಿ ಪರಕೀಯವಾದುದನ್ನಷ್ಟೇ ಅಲ್ಲದೆ, ತನ್ನ ಮಠ ಹೇಳಿಕೊಟ್ಟ ಮೌಲ್ಯವೊಂದು ಬೇರೆ ದಾರಿಯಿಂದ ಬಂದು ನಿಂತಿರುವುದನ್ನೂ ಕಾಣಬಲ್ಲನು.

ಆ ತಟ್ಟೆಯಲ್ಲಿರುವ ಪದಾರ್ಥಗಳಾದರೂ ಬರಿಯ ರುಚಿಯ ವಿಷಯಗಳಲ್ಲ. ಕಿಮ್ಚಿಯನ್ನೇ ನೋಡಬಹುದು. ಚಳಿಗಾಲದ ಆರಂಭದಲ್ಲಿ ಮನೆಯವರೂ ನೆರೆಯವರೂ ಕೂಡಿ, ಎಲೆಕೋಸನ್ನು ಉಪ್ಪಿನಲ್ಲಿ ನೆನೆಹಾಕಿ, ಎಲೆಯೆಲೆಗೂ ಮಸಾಲೆ ಸವರಿ, ಹುಳಿಯಲು ಇಟ್ಟು, ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಾರೆ. ‘ಕಿಮ್ಜಾಂಗ್’ ಎಂಬ ಈ ಸಾಮೂಹಿಕ ಕಾರ್ಯವನ್ನು ಯುನೆಸ್ಕೋ ಸಂಸ್ಥೆ 2013ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇಸಗೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಶ್ಯಾವಿಗೆ ಹೊಸೆದು, ಹಪ್ಪಳ ಸಂಡಿಗೆ ಹಾಕುವ ಉತ್ತರ ಕರ್ನಾಟಕದ ಮನೆಗಳಲ್ಲಿ ಬೆಳೆದವರಿಗೆ ಇದರ ಸೊಗಸು ಕೂಡಲೇ ತಿಳಿಯುತ್ತದೆ. ಸೋಯಾ ಕಾಳನ್ನು ಬೇಯಿಸಿ ಕುಟ್ಟಿ, ಇಟ್ಟಿಗೆಯಂತೆ ಕಟ್ಟಿ, ಹುಲ್ಲಿನ ಹಗ್ಗದಲ್ಲಿ ತೂಗುಹಾಕಿ ಹುದುಗಿಸಿ, ಬಳಿಕ ಮಣ್ಣಿನ ಗಡಿಗೆಯ ಉಪ್ಪುನೀರಿನಲ್ಲಿ ಮುಳುಗಿಸಿಡುವುದು ಇನ್ನೊಂದು ಕ್ರಮ. ಕಾಲಾಂತರದಲ್ಲಿ ಅದರ ತಿಳಿ ಸೋಯಾ ರಸವಾಗುತ್ತದೆ. ಗಟ್ಟಿ ಭಾಗ ‘ದ್ವೆನ್‌ಜಾಂಗ್’ ಎಂಬ ವ್ಯಂಜನವಾಗುತ್ತದೆ. ಈ ವಿದ್ಯೆಯೂ 2024ರಲ್ಲಿ ಅದೇ ಪಟ್ಟಿಗೆ ಸೇರಿತು.

ಇನ್ನು ಮೆಣಸಿನಕಾಯಿ. ಕೊರಿಯದ ಅಡಿಗೆಯ ಕೆಂಪು ಬಣ್ಣವನ್ನು ಕಂಡು ಬ್ಯಾಡಗಿಯನ್ನು ನೆನೆಯದ ಕನ್ನಡಿಗನಿಲ್ಲ. ಆದರೆ ಈ ಕಾಯಿ ಎರಡೂ ನಾಡುಗಳಿಗೆ ಹೊರಗಿನಿಂದ ಬಂದದ್ದು. ಅಮೆರಿಕ ಖಂಡದಲ್ಲಿ ಹುಟ್ಟಿ, ಪೋರ್ತುಗೀಜರ ಮೂಲಕ ಭಾರತವನ್ನು ತಲುಪಿತು. ಕೊರಿಯಕ್ಕೆ ಹದಿನಾರನೆಯ ಶತಮಾನದ ಕೊನೆಯ ಸುಮಾರಿಗೆ ಬಂದಿತೆಂದು ಬಲ್ಲವರ ಎಣಿಕೆ. ಅದಕ್ಕೆ ಮೊದಲಿನ ಕಿಮ್ಚಿಗೆ ಆ ಕೆಂಪು ಇರಲಿಲ್ಲ. ‘ಇದು ನಮ್ಮ ಸಂಪ್ರದಾಯ’ವೆಂದು ಎದೆ ತಟ್ಟಿ ಹೇಳುವ ಪದಾರ್ಥದೊಳಗೇ ಪರದೇಶವೊಂದು ಅಡಗಿ ಕುಳಿತಿರುತ್ತದೆಂಬ ಅರಿವು ಮಕ್ಕಳಿಗೆ ಇತಿಹಾಸ ಹೇಳುವವನಿಗೆ ಅತ್ಯಗತ್ಯ.

ಇಲ್ಲಿ ಮಠದ ಪರಂಪರೆಯಲ್ಲಿ ಬೆಳೆದವರ ಮುಂದೆ ನಿಜವಾದ ತೊಡಕೊಂದು ಏಳುತ್ತದೆ. ಅದನ್ನು ಮರೆಮಾಚುವುದರಿಂದ ಪ್ರಯೋಜನವಿಲ್ಲ. ಕಿಮ್ಚಿಗೆ ಬಹುಮಟ್ಟಿಗೆ ಉಪ್ಪಿನಲ್ಲಿಟ್ಟ ಸೀಗಡಿಯನ್ನೋ ಮೀನನ್ನೋ ಬೆರೆಸುತ್ತಾರೆ. ತರಕಾರಿಯ ಸಾರಿನಂತೆ ಕಾಣುವುದಕ್ಕೂ ಒಣಮೀನಿನ ಕಷಾಯವೇ ಆಧಾರವಾಗಿರುವುದುಂಟು. ಶಾಲೆಯ ಊಟದ ಪಟ್ಟಿಯಲ್ಲಿ ಒಗ್ಗದ ಪದಾರ್ಥಗಳನ್ನು ಸಂಖ್ಯೆಗಳಿಂದ ಸೂಚಿಸುವ ಒಳ್ಳೆಯ ಪದ್ಧತಿ ಅಲ್ಲಿದೆಯಾದರೂ ಅದು ರೋಗಬಾಧೆಯನ್ನು ತಪ್ಪಿಸಲು ಇರುವುದೇ ಹೊರತು ವ್ರತವನ್ನು ಕಾಯಲು ಅಲ್ಲ. ಸಿಯೋಲ್ ನಗರದ ಶಿಕ್ಷಣ ಇಲಾಖೆ 2021ರಲ್ಲಿ ತಿಂಗಳಿಗೆ ಎರಡು ದಿನ ಸಸ್ಯಪ್ರಧಾನವಾದ ಊಟ ಕೊಡುವ ಕ್ರಮವನ್ನು ಆರಂಭಿಸಿತು. ಉಳಿದ ದಿನಗಳ ಪ್ರಶ್ನೆ ಉಳಿದೇ ಇರುತ್ತದೆ.

ಇಂಥಲ್ಲಿ ಇಬ್ಬರು ಎರಡು ತಪ್ಪು ದಾರಿ ಹಿಡಿಯುತ್ತಾರೆ. ಒಬ್ಬನು ನಾಚಿಕೆಯಿಂದ ತನ್ನ ನಿಷ್ಠೆಯನ್ನು ಮೊದಲ ವಾರದಲ್ಲೇ ಬಿಟ್ಟುಕೊಟ್ಟು, ಅದನ್ನು ವಿಶಾಲ ಮನೋಭಾವವೆಂದು ಕರೆದುಕೊಳ್ಳುತ್ತಾನೆ. ಇನ್ನೊಬ್ಬನು ಕೋಣೆಯ ಬಾಗಿಲು ಮುಚ್ಚಿ, ಊರಿನಿಂದ ತಂದ ಚಟ್ನಿಪುಡಿಯನ್ನು ಅನ್ನಕ್ಕೆ ಕಲಸಿಕೊಂಡು, ಹೊರಗಿನವರ ಆಹಾರವೆಲ್ಲ ಹೇಯವೆಂದು ತೀರ್ಮಾನಿಸುತ್ತಾನೆ. ಮೊದಲನೆಯವನು ಕೊಡಲು ಏನನ್ನೂ ಉಳಿಸಿಕೊಳ್ಳಲಿಲ್ಲ. ಎರಡನೆಯವನು ಪಡೆಯಲು ಕೈಯನ್ನೇ ಚಾಚಲಿಲ್ಲ. ತನ್ನ ಆಹಾರನಿಯಮವನ್ನು ಅಡಿಗೆಯವರಿಗೆ ಮೊದಲೇ ವಿನಯದಿಂದ ತಿಳಿಸಿ, ಬೇಕಾದರೆ ಬುತ್ತಿಯನ್ನು ಕಟ್ಟಿಕೊಂಡು ಹೋಗಿ, ಆದರೆ ಮಕ್ಕಳ ಪಂಕ್ತಿಯಲ್ಲೇ ಕುಳಿತು ಉಣ್ಣುವುದು ಉಚಿತವಾದ ಮಾರ್ಗ. ತಟ್ಟೆ ಬೇರೆಯಾದರೂ ಪಂಕ್ತಿ ಬೇರೆಯಾಗಬಾರದು.

ಸಸ್ಯಾಹಾರಿಗೆ ಕೊರಿಯದಲ್ಲಿ ಗುರುಮನೆಯೂ ಇಲ್ಲದಿಲ್ಲ. ಅಲ್ಲಿಯ ಬೌದ್ಧ ವಿಹಾರಗಳ ಅಡಿಗೆ ಮಾಂಸ ಮೀನುಗಳನ್ನು ವರ್ಜಿಸುವುದಲ್ಲದೆ, ಬೆಳ್ಳುಳ್ಳಿ, ಈರುಳ್ಳಿಯ ಜಾತಿಗೆ ಸೇರಿದ ಸೊಪ್ಪುಗಳು ಮೊದಲಾದ ಐದು ಘಾಟು ಪದಾರ್ಥಗಳನ್ನೂ ದೂರವಿಡುತ್ತದೆ. ಆ ಐದರಲ್ಲಿ ಕನ್ನಡಿಗರ ಒಗ್ಗರಣೆಯ ಇಂಗೂ ಒಂದೆಂಬುದು ಕುತೂಹಲದ ಸಂಗತಿ. ವಿಹಾರಗಳಲ್ಲಿ ಕೆಲವು ದಿನ ತಂಗಿ ಅಲ್ಲಿಯ ದಿನಚರಿಯನ್ನು ಅನುಸರಿಸುವ ಅವಕಾಶ 2002ರಿಂದ ಹೊರಗಿನವರಿಗೂ ಇದೆ. ಅಲ್ಲಿಯ ವಿಧಿಪೂರ್ವಕ ಭೋಜನದಲ್ಲಿ ಒಬ್ಬೊಬ್ಬರಿಗೂ ನಾಲ್ಕು ಬಟ್ಟಲು. ಬೇಕಾದಷ್ಟನ್ನೇ ಬಡಿಸಿಕೊಂಡು, ಮೌನವಾಗಿ ಉಂಡು, ಕೊನೆಗೆ ಉಳಿಸಿಕೊಂಡ ಒಂದು ತುಂಡು ಉಪ್ಪಿನಕಾಯಿಯಿಂದ ಬಟ್ಟಲುಗಳನ್ನು ಒರೆಸಿ, ತೊಳೆದ ನೀರನ್ನೂ ಕುಡಿಯುತ್ತಾರೆ. ಒಂದು ಅಗುಳೂ ವ್ಯರ್ಥವಾಗುವಂತಿಲ್ಲ. ಪ್ರಸಾದವನ್ನು ಕೆಡಿಸಬಾರದೆಂದು ಬಾಲ್ಯದಿಂದ ಕೇಳಿದವನಿಗೆ ಆ ಬಟ್ಟಲಿನ ಭಾಷೆ ಅನುವಾದವಿಲ್ಲದೆ ಅರ್ಥವಾದೀತು.

ನುಡಿಯ ವಿಷಯದಲ್ಲಿಯೂ ಕನ್ನಡದ ವಿದ್ಯಾರ್ಥಿಗೆ ಅನುಕೂಲವಿದೆ. ಕೊರಿಯನ್ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಪ್ರತ್ಯಯಗಳು ಪದದ ಹಿಂದೆ ಸೇರುತ್ತವೆ. ಹಿರಿಯರೊಡನೆ ಆಡುವ ಮಾತಿನ ರೂಪವೇ ಬೇರೆ. ತಂದೆಯನ್ನು ಮಕ್ಕಳು ‘ಆಪ್ಪಾ’ ಎಂದೇ ಕರೆಯುತ್ತಾರೆ. ಇವನ್ನು ಕಂಡು ಎರಡೂ ನುಡಿಗಳು ಒಂದೇ ಬೇರಿನವೆಂದು ಹೇಳಹೊರಡುವುದು ದುಡುಕಾದೀತು. ಆದರೆ ‘ಊಟ ಆಯಿತೇ?’ ಎಂದು ಕೇಳಿ ಕುಶಲ ವಿಚಾರಿಸುವ ರೂಢಿ ಎರಡೂ ಕಡೆ ಇರುವುದು ಸತ್ಯ. ಸೇಜೋಂಗ್ ದೊರೆ 1446ರಲ್ಲಿ ಪ್ರಕಟಿಸಿದ ‘ಹಂಗುಲ್’ ಲಿಪಿಯನ್ನು, ಕಾಗುಣಿತ ಬಲ್ಲವನು ಕೆಲವೇ ದಿನಗಳಲ್ಲಿ ಕೂಡಿಸಿ ಓದಬಹುದು. ಜಪಾನಿನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಈ ನುಡಿಯನ್ನು ಶಾಲೆಗಳಿಂದ ಹೊರದೂಡಲಾಗಿತ್ತು. ಇಂದು ಅಲ್ಲಿ ಮೇ 15, ಅದೇ ಸೇಜೋಂಗ್ ದೊರೆಯ ಜನ್ಮದಿನ, ಶಿಕ್ಷಕರ ದಿನವಾಗಿದೆ. ಇಂಥ ನಾಡಿಗೆ ಇಂಗ್ಲಿಷ್ ಕಲಿಸಲು ಹೋಗುವವನು ಅವರ ಅಕ್ಷರವನ್ನೇ ಕಲಿಯದೆ ಹೋಗುವುದು ಅವಿನಯ.

ಕೊರಿಯದ ಶಿಕ್ಷಣವನ್ನು ಹೊಗಳುವ ಭರದಲ್ಲಿ ಅದರ ಕತ್ತಲೆಯ ಭಾಗವನ್ನು ಮರೆಯುವುದೂ ತರವಲ್ಲ. ಪ್ರತಿ ನವೆಂಬರಿನಲ್ಲಿ ನಡೆಯುವ ಕಾಲೇಜು ಪ್ರವೇಶ ಪರೀಕ್ಷೆಯ ದಿನ, ಇಂಗ್ಲಿಷ್ ಆಲಿಸುವ ಭಾಗ ನಡೆಯುವಷ್ಟು ಹೊತ್ತು ವಿಮಾನಗಳು ಏರುವಂತಿಲ್ಲ, ಇಳಿಯುವಂತಿಲ್ಲ. ಶಾಲೆ ಮುಗಿದ ಮೇಲೆ ಮಕ್ಕಳು ಖಾಸಗಿ ಪಾಠಶಾಲೆಗಳಲ್ಲಿ ರಾತ್ರಿಯವರೆಗೆ ಕುಳಿತಿರುತ್ತಾರೆ. ಅನೇಕರಿಗೆ ರಾತ್ರಿಯ ಊಟ ಮನೆಯಲ್ಲಿ ಸಿಗುವುದೇ ಇಲ್ಲ. 2023ರ ಜುಲೈ ತಿಂಗಳಲ್ಲಿ ಸಿಯೋಲಿನ ಪ್ರಾಥಮಿಕ ಶಾಲೆಯೊಂದರ ತರುಣ ಶಿಕ್ಷಕಿ ಮೃತಪಟ್ಟಾಗ, ಪಾಲಕರ ಕಿರುಕುಳದಿಂದ ತಮಗೆ ರಕ್ಷಣೆ ಬೇಕೆಂದು ಅಪಾರ ಸಂಖ್ಯೆಯ ಶಿಕ್ಷಕರು ಬೀದಿಗೆ ಬಂದರು. ಮಧ್ಯಾಹ್ನದ ತಟ್ಟೆಯಲ್ಲಿ ಸಮತೆಯನ್ನು ಕಲಿಸುವ ನಾಡು ಸಂಜೆಯ ಪಾಠಶಾಲೆಯಲ್ಲಿ ಪೈಪೋಟಿಯನ್ನು ಕಲಿಸುತ್ತಿದೆ. ಎರಡನ್ನೂ ಕಂಡು ಬಂದವನೇ ಕೊರಿಯವನ್ನು ಕಂಡವನು. ಅಂಕಗಳ ಬೆನ್ನು ಹತ್ತಿರುವ ಕರ್ನಾಟಕದ ಶಾಲೆಗಳಿಗೆ ಈ ಎರಡನೆಯ ಪಾಠವೂ ಅಷ್ಟೇ ಅವಶ್ಯ.

ದಾನಿಗಳ ಮನಸ್ಸಿನಲ್ಲಿ ಏಳಬಹುದಾದ ಆಕ್ಷೇಪ ನ್ಯಾಯವಾದುದೇ. ಪ್ರಸಾದನಿಲಯದ ಒಲೆಗೆ ಬೇಕಾದ ಹಣವನ್ನು ಒಬ್ಬ ವಿದ್ಯಾರ್ಥಿಯ ವಿಮಾನಕ್ಕೆ ಕೊಡುವುದು ಹೇಗೆ? ಭಕ್ತರು ಕೊಟ್ಟ ಜೋಳದ ಚೀಲದಿಂದ ಬೆಳೆದ ಸಂಸ್ಥೆಗಳು ಈ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು. ಹೋದವನು ಅಲ್ಲಿಯೇ ನೆಲೆಸುವ ಹವಣಿಕೆಯಲ್ಲಿದ್ದರೆ, ಅಥವಾ ಹಿಂದಿರುಗಿ ಛಾಯಾಚಿತ್ರಗಳನ್ನು ತೋರಿಸಿ ಮುಗಿಸಿದರೆ, ಒಂದು ರೂಪಾಯಿ ಕೊಡುವುದೂ ಅಪವ್ಯಯ. ಆದುದರಿಂದ ಇಂಥ ಸಹಾಯಕ್ಕೆ ಕಟ್ಟಳೆಗಳಿರಬೇಕು. ಹೊರಡುವ ಮುನ್ನ ಮೂರು ತಿಂಗಳಾದರೂ ಕೊರಿಯನ್ ಲಿಪಿ ಮತ್ತು ನಿತ್ಯದ ಮಾತನ್ನು ಕಲಿತಿರಬೇಕು. ಜೋಳದ ರೊಟ್ಟಿ ಬಡಿಯುವುದನ್ನೂ, ದಾಸೋಹವೆಂದರೇನೆಂಬುದನ್ನೂ ಪರರಿಗೆ ತಿಳಿಯುವಂತೆ ಹೇಳಬಲ್ಲವನಾಗಿರಬೇಕು. ತನ್ನ ಮನೆಯ ಅಡಿಗೆಯನ್ನು ಅರಿಯದವನು ಪರರ ಅಡಿಗೆಯನ್ನು ಅಳೆಯಲಾರ. ಹಿಂದಿರುಗಿದ ಮೇಲೆ ಎರಡು ವರ್ಷವಾದರೂ ಸಂಸ್ಥೆಯ ಶಾಲೆಯಲ್ಲಿ ಪಾಠ ಹೇಳಬೇಕು. ಅದರಲ್ಲಿ ಮೊದಲ ತಿಂಗಳು ಪ್ರಸಾದನಿಲಯದ ಅಡಿಗೆಮನೆಯಲ್ಲಿ ನಿಂತು, ಬಡಿಸುವ ಕ್ರಮ, ಸ್ವಚ್ಛತೆ, ಮಕ್ಕಳ ಪೋಷಣೆ, ಉಳಿದ ಅನ್ನದ ಲೆಕ್ಕ ಇವುಗಳಲ್ಲಿ ತಾನು ಕಂಡುದನ್ನು ಅಳವಡಿಸಲು ಯತ್ನಿಸಬೇಕು.

ಈ ಕೊನೆಯ ಕಟ್ಟಳೆಯೇ ಮುಖ್ಯವಾದುದು. ಮಠದ ಶಾಲೆಗಳಲ್ಲಿ ತರಗತಿಯ ಪಾಠವನ್ನು ಶಿಕ್ಷಕರೂ ಪಂಕ್ತಿಯ ಊಟವನ್ನು ಅಡಿಗೆಯವರೂ ನೋಡಿಕೊಳ್ಳುವುದು ವಾಡಿಕೆಯಾಗಿದೆ. ಅನ್ನವೂ ಅಕ್ಷರವೂ ಒಂದೇ ಸೇವೆಯೆಂದು ನಂಬಿ ಕಟ್ಟಿದ ಸಂಸ್ಥೆಗಳಲ್ಲಿ ಈ ವಿಭಜನೆ ಸಲ್ಲದು. ಅಡಿಗೆಮನೆಗೂ ಒಬ್ಬ ಶಿಕ್ಷಕ ಬೇಕೆಂಬುದನ್ನು ಕೊರಿಯ ಕಾನೂನಿನ ಮೂಲಕ ಒಪ್ಪಿಕೊಂಡಿದೆ; ಮಠಗಳು ಅದನ್ನು ಧರ್ಮದ ಮೂಲಕ ಎಂದೋ ಒಪ್ಪಿಕೊಂಡಿವೆ. ಒಪ್ಪಿಕೊಂಡುದನ್ನು ಆಚರಣೆಗೆ ತರುವ ಒಬ್ಬ ಶಿಕ್ಷಕ ಆ ದೂರದ ಪಂಕ್ತಿಯಿಂದ ಎದ್ದು ಬಂದರೆ, ಅವನಿಗಾಗಿ ವೆಚ್ಚವಾದ ಹಣ ಪ್ರಸಾದನಿಲಯದ ಒಲೆಗೇ ಸಂದಂತಾಗುತ್ತದೆ.