ದೊಡ್ಡ ಮೀನೂ ನೀರಿನ ಲೆಕ್ಕವೂ

ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ ಹೇಮಾವತಿ ನದಿಗೆ ಅಡ್ಡಲಾಗಿ ಒಂದು ಅಣೆಯುಂಟು. ನದಿ ತುಂಬಿದಾಗ ನೀರು ಆ ಅಣೆಯನ್ನು ಮೀರಿ, ನೊರೆಗರೆಯುತ್ತ ಕೆಳಗೆ ಬಿದ್ದು, ಕೃಷ್ಣರಾಜಸಾಗರದ ಕಡೆಗೆ ಸಾಗುತ್ತದೆ. ಅಲ್ಲಿನ ಮೀನಿನ ಕಶ್ಮಲವನ್ನು ಹರಿವು ಒಯ್ಯುತ್ತದೆ. ಬೀಳುವ ನೀರು ಗಾಳಿಯಿಂದ ಆಮ್ಲಜನಕವನ್ನು ಪಡೆದುಕೊಳ್ಳುತ್ತದೆ. ಗಾಜಿನ ತೊಟ್ಟಿಯಲ್ಲಿ ಸೆರೆಯಾದ ಮೀನಿಗೆ ಈ ಎರಡು ಅನುಕೂಲಗಳೂ ಇಲ್ಲ. ಅಲ್ಲಿ ನದಿಯ ಕೆಲಸವನ್ನು ಸಾಕುವವನೇ ಮಾಡಬೇಕು. ಆ ಕೆಲಸದ ಲೆಕ್ಕವನ್ನು ಹಾಕದೆ ದೊಡ್ಡ ಮೀನನ್ನು ಮನೆಗೆ ತರುವುದು ಯುಕ್ತವಲ್ಲವೆಂಬುದು ನಮ್ಮ ಅಭಿಪ್ರಾಯ.

ಅಂಗಡಿಯಲ್ಲಿ ಬೆರಳುದ್ದವಿದ್ದಾಗ ಮಾರುವ ಅಮೆಜಾನ್ ನದಿಯ ಕೆಂಬಾಲದ ಕ್ಯಾಟ್‌ಫಿಶ್ ಒಂದು ಮೀಟರಿಗೂ ಮಿಕ್ಕಿ ಬೆಳೆಯಬಲ್ಲದು. ಆಕಾರ ಬದಲಾಗದೆ ಉದ್ದವು 6 ಪಟ್ಟು ಹೆಚ್ಚಿದರೆ, ತೂಕವು 6ರ ಘನದಷ್ಟು, ಎಂದರೆ 216 ಪಟ್ಟು ಹೆಚ್ಚುತ್ತದೆ. ಆಹಾರವು ಅದೇ ಪ್ರಮಾಣದಲ್ಲಿ ಹೆಚ್ಚದಿದ್ದರೂ ಬಹುವಾಗಿ ಹೆಚ್ಚುವುದು ನಿಶ್ಚಯ. ತಿಂದ ಆಹಾರದ ಸಾರಜನಕದಲ್ಲಿ ಬಹುಭಾಗ ಅಮೋನಿಯವಾಗಿ ಕಿವಿರುಗಳ ಮೂಲಕ ನೀರಿಗೆ ಸೇರುತ್ತದೆ. ಶೋಧಕದಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಸಾಮಾನ್ಯ ಶೋಧಕದ ಕೆಲಸ ಅಲ್ಲಿಗೆ ಮುಗಿಯಿತು. ಉಳಿದ ನೈಟ್ರೇಟನ್ನು ಕಳೆಯುವ ಸುಲಭೋಪಾಯವೆಂದರೆ ನೀರನ್ನು ಬದಲಾಯಿಸುವುದೇ.

ಎಷ್ಟು ಬದಲಾಯಿಸಬೇಕು? 2000 ಲೀಟರಿನ ತೊಟ್ಟಿಯೊಂದರಲ್ಲಿ ವಾರಕ್ಕೆ ಲೀಟರಿಗೆ 20 ಮಿಲಿಗ್ರಾಂನಂತೆ ನೈಟ್ರೇಟ್ ಹೆಚ್ಚುವುದೆಂದೂ, ಹೊಸ ನೀರಿನಲ್ಲಿ ಅದು ಇಲ್ಲವೆಂದೂ ಭಾವಿಸೋಣ. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಾಯಿಸಿದರೆ, ನೈಟ್ರೇಟ್ ಕ್ರಮೇಣ ಏರುತ್ತ ಹೋಗಿ, ಬದಲಾಯಿಸುವ ಮುನ್ನ 80 ಮಿಲಿಗ್ರಾಂ ಇರುವ ಮಟ್ಟದಲ್ಲಿ ನಿಲ್ಲುತ್ತದೆ. 80ರ ಕಾಲುಭಾಗ 20 ಆದುದರಿಂದ, ಅಲ್ಲಿ ಆಯವೂ ವ್ಯಯವೂ ಸಮವಾಗುತ್ತವೆ. ಅರ್ಧಭಾಗ ಬದಲಾಯಿಸಿದರೆ ಈ ಮಿತಿ 40ಕ್ಕೆ ಇಳಿಯುತ್ತದೆ. ಆದರೆ ಹೊಸ ನೀರಿನಲ್ಲಿಯೇ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಇದ್ದರೆ ಮಿತಿ 85ಕ್ಕೇರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕವು ವಿಧಿಸಿರುವ ಗರಿಷ್ಠ ಪ್ರಮಾಣವೇ ಈ 45. ಗೊಬ್ಬರವುಂಡ ಗದ್ದೆಗಳ ನಡುವಣ ಕೊಳವೆಬಾವಿಯ ನೀರನ್ನು ಪರೀಕ್ಷಿಸದೆ ಬಳಸಬಾರದೆಂಬುದಕ್ಕೆ ಇದೇ ಕಾರಣ.

ಹಾಗೆಂದು ತಿಂಗಳುಗಟ್ಟಲೆ ಸುಮ್ಮನಿದ್ದು, ಒಂದು ದಿನ ನೀರನ್ನೆಲ್ಲ ಚೆಲ್ಲಿ ತುಂಬುವುದು ಅಪಾಯಕರ. 28 ಡಿಗ್ರಿ ಸೆಂಟಿಗ್ರೇಡಿನ ತೊಟ್ಟಿಗೆ 22 ಡಿಗ್ರಿಯ ನೀರನ್ನು ಅರ್ಧಭಾಗ ಬೆರೆಸಿದರೆ ಉಷ್ಣತೆ ಒಮ್ಮೆಲೆ 3 ಡಿಗ್ರಿ ಇಳಿಯುತ್ತದೆ. ಹಳೆಯ ನೀರು ಆಮ್ಲೀಯವಾಗಿದ್ದರೆ ಇನ್ನೊಂದು ಕೇಡುಂಟು. ಪಿಎಚ್ 7ರಲ್ಲಿ ವಿಷಕರವಾದ ಸ್ವತಂತ್ರ ಅಮೋನಿಯ ಒಟ್ಟು ಅಮೋನಿಯದ ಶೇಕಡ ಒಂದಕ್ಕಿಂತ ಕಡಿಮೆ. ಪಿಎಚ್ 8ರಲ್ಲಿ ಅದು ಸುಮಾರು ಶೇಕಡ 5. ಕ್ಷಾರೀಯವಾದ ಹೊಸ ನೀರು ಹೀಗೆ ನಿರಪಾಯವಾಗಿದ್ದುದನ್ನೇ ವಿಷವಾಗಿಸಬಲ್ಲದು. ನಲ್ಲಿಯ ನೀರಿನ ಕ್ಲೋರಿನ್ ಕಿವಿರುಗಳನ್ನು ಸುಡುತ್ತದೆ; ಅದನ್ನು ತೆಗೆಯಲು ಪ್ರಯೋಗಶಾಲೆಯಲ್ಲಿ ನಾವು ‘ಹೈಪೋ’ ಎಂದು ಕರೆಯುವ ಸೋಡಿಯಂ ಥಯೋಸಲ್ಫೇಟ್ ಸಾಕು. ಕ್ರಮ ತಪ್ಪದೆ, ಉಷ್ಣತೆಯನ್ನು ಹೊಂದಿಸಿ, ಮೆಲ್ಲಮೆಲ್ಲನೆ ಬದಲಾಯಿಸುವುದೇ ಮೇಲು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ವಾರಕ್ಕೆ 1000 ಲೀಟರ್ ಎಂದರೆ ವರ್ಷಕ್ಕೆ 52,000 ಲೀಟರ್. 2023ರಲ್ಲಿ ಮಳೆ ಕೈಕೊಟ್ಟಾಗ ಕಾವೇರಿ ಸೀಮೆ ಪಟ್ಟ ಪಾಡನ್ನು ವಾಚಕರು ಮರೆತಿರಲಾರರು. 2024ರ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಲಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನೂ ತೋಟಕ್ಕೆ ಹಾಯಿಸುವುದನ್ನೂ ನಿಷೇಧಿಸಬೇಕಾಯಿತು. ಇಂಥ ನಾಡಿನಲ್ಲಿ ಮೀನಿನ ನೀರನ್ನು ಚರಂಡಿಗೆ ಬಿಡುವುದು ಅಪರಾಧವೇ ಸರಿ. ಅದರ ನೈಟ್ರೇಟ್ ಗಿಡಗಳಿಗೆ ಗೊಬ್ಬರ. ಉಪ್ಪನ್ನಾಗಲಿ ಔಷಧವನ್ನಾಗಲಿ ಬೆರೆಸದಿದ್ದರೆ ಅದು ತೆಂಗಿನ ಬುಡಕ್ಕೂ ತರಕಾರಿ ಪಾತಿಗೂ ಒಳ್ಳೆಯ ನೀರು.

ಈ ಲೆಕ್ಕವನ್ನು ಪೂರೈಸಲಾರದವರು ಬೆಳೆದ ಮೀನನ್ನು ಕೆರೆಗೋ ನದಿಗೋ ಬಿಟ್ಟು ಕೈತೊಳೆದುಕೊಳ್ಳುವುದುಂಟು. ಅದನ್ನು ದಯೆಯೆಂದು ಭಾವಿಸುವವರೂ ಇದ್ದಾರೆ. ಅಲಂಕಾರಕ್ಕೆಂದು ತಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಇಂದು ದಕ್ಷಿಣ ಭಾರತದ ಜಲಾಶಯಗಳಲ್ಲಿ ಬೇರೂರಿರುವುದು ಇಂಥ ದಯೆಯ ಫಲವೇ. ಕಾವೇರಿಯ ಸ್ವಂತ ಸಂತಾನವಾದ ಗೂನುಬೆನ್ನಿನ ಮಹಶೀರ್ ಅಳಿವಿನ ಅಂಚಿನಲ್ಲಿದೆಯೆಂದು 2018ರಲ್ಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿ ಸಾರಿತು. ಆ ನದಿಯ ಮೇಲೆ ಇನ್ನೊಂದು ಹೊರೆಯನ್ನು ಹೊರಿಸಲು ನಮಗೆ ಹಕ್ಕಿಲ್ಲ.

ಆದುದರಿಂದ ವಿದ್ಯಾರ್ಥಿಮಿತ್ರರಿಗೆ ನಮ್ಮ ಸೂಚನೆ ಇಷ್ಟೆ: ಮೀನಿನ ಬೆಲೆಯನ್ನು ಕೇಳುವ ಮುನ್ನ ಅದರ ಪೂರ್ಣ ಬೆಳವಣಿಗೆಯ ಉದ್ದವನ್ನು ಕೇಳಿರಿ, ಬಳಿಕ ಕಾಗದವನ್ನೂ ಪೆನ್ಸಿಲನ್ನೂ ತೆಗೆದುಕೊಂಡು ನೀರಿನ ಲೆಕ್ಕವನ್ನು ಮಾಡಿರಿ. ಉತ್ತರವು ನಿಮ್ಮ ಮನೆಯ ನೀರಿಗೆ ಮಿಕ್ಕಿದ್ದಾದರೆ, ಚಿಕ್ಕ ಮೀನುಗಳಲ್ಲಿಯೂ ನೋಡಿ ಕಲಿಯತಕ್ಕದ್ದು ಬೇಕಾದಷ್ಟಿದೆ.