ಒಂದೇ ಮುಖ, ಎರಡು ಚಿತ್ರ

ನಮ್ಮ ತಾಯಿಯವರಿಗೆ ಎಪ್ಪತ್ತು ತುಂಬಿದ ದಿನ ಮನೆಯಲ್ಲಿ ಒಂದು ಸಣ್ಣ ಕಲಹವೇ ನಡೆಯಿತು. ಕಾರಣ, ಅಡಿಗೆಮನೆಯಲ್ಲಿ ತೆಗೆದ ಅವರ ಎರಡು ಛಾಯಾಚಿತ್ರಗಳು. ಒಂದು, ನನ್ನ ಮಗಳು ಅಜ್ಜಿಯ ಮುಖದ ಬಳಿಗೇ ಮೊಬೈಲನ್ನು ಹಿಡಿದು ತೆಗೆದದ್ದು. ಇನ್ನೊಂದು, ನನ್ನ ಭಾವಮೈದುನನು ತನ್ನ ಕ್ಯಾಮರಾಕ್ಕೆ 85 ಮಿಲಿಮೀಟರಿನ ಮಸೂರವನ್ನು ತೊಡಿಸಿ, ಬಾಗಿಲಿನಾಚೆ ನಿಂತು ತೆಗೆದದ್ದು. ಮೊದಲನೆಯದನ್ನು ಕಂಡೊಡನೆ ತಾಯಿ, "ಇದೇನೇ, ನನಗೆ ಆನೆಯ ಸೊಂಡಿಲು ಇಟ್ಟುಬಿಟ್ಟೆಯಲ್ಲೇ!" ಎಂದರು.

ಮಗುವಿನ ತಪ್ಪಲ್ಲ. ಕನ್ನಡದ ಮೇಷ್ಟರಿಗೆ ಭೌತಶಾಸ್ತ್ರದ ಗೊಡವೆ ಏಕೆಂದು ವಾಚಕರು ಕೇಳಬಾರದು, ಲೆಕ್ಕ ಸುಲಭವಾದದ್ದೇ. ಮೊಬೈಲಿನ ಮುಖ್ಯ ಮಸೂರ ಸಾಮಾನ್ಯವಾಗಿ ವಿಶಾಲಕೋನದ್ದು. ಹಳೆಯ 35 ಮಿಲಿಮೀಟರ್ ಫಿಲ್ಮಿನ ಲೆಕ್ಕದಲ್ಲಿ ಸುಮಾರು 24ರಿಂದ 28 ಮಿಲಿಮೀಟರಿಗೆ ಸಮ. ಅದರಲ್ಲಿ ಮುಖ ತುಂಬಿ ಬರಬೇಕಾದರೆ ಒಂದಡಿಯಷ್ಟು ಹತ್ತಿರ ಸರಿಯಲೇಬೇಕು. ಅಲ್ಲಿಂದ ನೋಡಿದರೆ ಕಿವಿಗಿಂತ ಮೂಗು ನಾಲ್ಕೈದು ಅಂಗುಲ ಸಮೀಪ. ಹನ್ನೆರಡು ಅಂಗುಲದಲ್ಲಿ ಇದೇನು ಕಡಮೆಯೇ? ಮೂಗು ಬೆಳೆಯುತ್ತದೆ, ಕಿವಿಗಳು ಹಿಂದೆ ಅಡಗುತ್ತವೆ. ಎಂಟಡಿಯಾಚೆ ನಿಂತವನಿಗೆ ಅದೇ ನಾಲ್ಕೈದು ಅಂಗುಲ ಲೆಕ್ಕಕ್ಕೇ ಬಾರದು. ಮುಖ ಸೊಟ್ಟಗಾಯಿತೆಂದು ನಾವು ಗಾಜನ್ನು ದೂರುತ್ತೇವೆ. ನಿಜವಾಗಿ ಅದು ನಾವು ನಿಂತ ದೂರದ ಕೆಲಸ. ಹತ್ತಿರ ಬಾ ಎಂದೋ, ಅಲ್ಲಿಯೇ ನಿಲ್ಲು ಎಂದೋ ಹೇಳುವುದಷ್ಟೇ ಮಸೂರದ ಪಾಲು.

ಚಿತ್ರದ ಭಾವ ಹುಟ್ಟುವುದೂ ಆ ದೂರದಲ್ಲಿಯೇ. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಕಾರ್ಟಿಯೇ-ಬ್ರೆಸಾನ್ ತನ್ನ ಬಹುಪಾಲು ಕೆಲಸವನ್ನು 50 ಮಿಲಿಮೀಟರಿನ ಮಸೂರವೊಂದರಿಂದಲೇ ಮಾಡಿದವನು. 1948ರ ಜನವರಿ 30ರ ಇರುಳು, ಬಿರ್ಲಾ ಭವನದ ಬಾಗಿಲಲ್ಲಿ ನೆಹರೂ ಅವರು ಗಾಂಧೀಜಿಯ ಮರಣವಾರ್ತೆಯನ್ನು ತಿಳಿಸುತ್ತಿರುವ ಅವನ ಚಿತ್ರವನ್ನು ನೋಡಿ. ನೆಹರೂ ಅವರ ಕಣ್ಣೀರನ್ನು ಅದು ಹತ್ತಿರಕ್ಕೆಳೆದು ತೋರಿಸುವುದಿಲ್ಲ. ಕತ್ತಲಲ್ಲಿ ಮುಗಿಬಿದ್ದ ಜನರ ನಡುವೆ ನಮ್ಮನ್ನೂ ನಿಲ್ಲಿಸಿಬಿಡುತ್ತದೆ.

ಭಾವಮೈದುನನ ಚಿತ್ರ ಸೊಗಸಾಗಿತ್ತು, ನಿಜ. ಮುಖದ ಒಂದೊಂದು ಗೆರೆಯೂ ಸ್ಪಷ್ಟ. ಹಿಂದಿನ ಅಡಿಗೆಮನೆಯೆಲ್ಲ ಕರಗಿ ಬರಿಯ ಮಂಜು. ಆದರೆ ಆ ಮಂಜಿನ ನಡುವೆ ತಾಯಿ ತೀರ ಒಂಟಿಯಾಗಿ ಕಂಡರು. ಮಗಳ ಚಿತ್ರದಲ್ಲಿ ಮೂಗಿನ ಹಿಂದೆ ಒಲೆ, ಫಿಲ್ಟರು, ಗೂಡಿನಲ್ಲಿ ಸಾಲಾಗಿಟ್ಟ ಪಾತ್ರೆಗಳು ಎಲ್ಲವೂ ಇದ್ದವು.

ಎಲ್ಲರ ಮತದಂತೆ ಚೌಕಟ್ಟು ಸೇರಿದ್ದು ಭಾವಮೈದುನನ ಚಿತ್ರವೇ. ಆದರೆ ಮರುದಿನ ತಾಯಿ, ಮೊಮ್ಮಗಳು ತೆಗೆದದ್ದನ್ನೂ ಒಂದು ಕಾಗದದ ಮೇಲೆ ಅಚ್ಚು ಹಾಕಿಸಿಕೊಡೆಂದರು. ನಾನು ಸೊಂಡಿಲಿನ ಮಾತನ್ನು ನೆನಪಿಸಿದೆ.

"ಇರಲಿ ಬಿಡಪ್ಪ. ಅದರಲ್ಲಿ ನಿಮ್ಮ ತಂದೆಯವರ ಲೋಟ ಕಾಣಿಸುತ್ತೆ."